ಗಲ್ಲಕ್ಕೆ ಕೈಯಿಟ್ಟು ಕುಳಿತ ಮರದ ದೇವರು

ಲಿಥುವೇನಿಯಾ ದೇಶದ ಹಳ್ಳಿಗಾಡಿನಲ್ಲಿ ದಾರಿಗಳು ಕೂಡುವೆಡೆ, ಹೊಲದಂಚಿನಲ್ಲಿ, ಮನೆಯಂಗಳದಲ್ಲಿ, ಸ್ಮಶಾನದಲ್ಲಿ ಮರದ ಕಂಬಗಳು ನಿಂತಿರುತ್ತವೆ. ಕಂಬದ ತುದಿಗೆ ಒಂದು ಪುಟ್ಟ ಮಾಡು. ಮಾಡಿನ ಕೆಳಗೆ ಗೂಡು. ಗೂಡಿನೊಳಗೆ ಕುಳಿತ ಒಬ್ಬ ಮನುಷ್ಯ. ತಲೆಯ ಮೇಲೆ ಮುಳ್ಳಿನ ಕಿರೀಟ. ಬಲಮೊಣಕೈ ತೊಡೆಯ ಮೇಲೆ ಊರಿದೆ, ಗಲ್ಲ ಅಂಗೈಗೆ ಒರಗಿದೆ, ಎಡಗೈ ಮಂಡಿಯ ಮೇಲೆ ಸುಮ್ಮನೆ ಬಿದ್ದಿದೆ. ಆತ ಯೇಸುಕ್ರಿಸ್ತ. ಆದರೆ ಉಪದೇಶಿಸುತ್ತಿಲ್ಲ, ಪವಾಡ ಮಾಡುತ್ತಿಲ್ಲ, ಶಿಲುಬೆಯ ಮೇಲೂ ಇಲ್ಲ. ಏನನ್ನೋ ಯೋಚಿಸುತ್ತ ಕುಳಿತಿದ್ದಾನೆ, ಅಷ್ಟೆ. ಈ ಮೂರ್ತಿಯನ್ನು ಆ ನಾಡಿನವರು 'ರೂಪಿಂತೊಯೇಲಿಸ್' ಎಂದು ಕರೆಯುತ್ತಾರೆ.

ಸುವಾರ್ತೆಗಳಲ್ಲಿ ಈ ಗಳಿಗೆಯ ವರ್ಣನೆಯಿಲ್ಲ. ಚಾಟಿಯೇಟಿನ ಕಥೆಯುಂಟು, ಮುಳ್ಳುಕಿರೀಟದ ಕಥೆಯುಂಟು, ಶಿಲುಬೆಯ ಕಥೆಯುಂಟು. ಅವುಗಳ ನಡುವೆ ಒಬ್ಬಂಟಿಯಾಗಿ ಗಲ್ಲಕ್ಕೆ ಕೈಯಿಟ್ಟು ಕುಳಿತ ಪ್ರಸಂಗ ಭಕ್ತರ, ಶಿಲ್ಪಿಗಳ ಕಲ್ಪನೆ. ಮಧ್ಯಯುಗದ ಕೊನೆಯ ಹೊತ್ತಿಗೆ ಜರ್ಮನ್ ಪ್ರದೇಶಗಳಲ್ಲಿ ಕಾಣಿಸಿಕೊಂಡ ಈ ಭಂಗಿ, ಆಲ್ಬ್ರೆಕ್ಟ್ ಡ್ಯೂರರ್ 1511ರಲ್ಲಿ ಪ್ರಕಟಿಸಿದ ಯೇಸುಯಾತನೆಯ ಚಿಕ್ಕ ಚಿತ್ರಮಾಲೆಯ ಮುಖಪುಟದಲ್ಲಿಯೂ ಇದೆ. ಮುಂದೆ ಅದು ಪೋಲೆಂಡ್, ಲಿಥುವೇನಿಯಾಗಳಲ್ಲಿ ಜನಪದರ ಕೈಸೇರಿತು. ಲಿಥುವೇನಿಯಾ ಅಧಿಕೃತವಾಗಿ ಕ್ರೈಸ್ತಮತಕ್ಕೆ ಸೇರಿದ್ದು 1387ರಷ್ಟು ತಡವಾಗಿ. ಆದುದರಿಂದ ಈ ಮೂರ್ತಿಯೊಳಗೆ ಯಾವುದೋ ಪ್ರಾಚೀನ ದೇವತೆ ಅಡಗಿದೆಯೆಂದು ಊಹಿಸುವವರೂ ಇದ್ದಾರೆ. ಊಹೆ ಸೊಗಸಾಗಿದೆ; ಆಧಾರ ಸಾಲದು.

ಕೆತ್ತಿದವರು ಬಹುಮಟ್ಟಿಗೆ ರೈತಾಪಿ ಜನ. ಅಂಥವನಿಗೆ ಅಲ್ಲಿ 'ದಿಯೆವ್‌ದಿರ್ಬಿಸ್' ಎಂದು ಹೆಸರು, ಎಂದರೆ ದೇವರನ್ನು ಮಾಡುವವನು. ಇದರ ಮೊದಲ ಭಾಗವಾದ 'ದಿಯೆವಾಸ್' ಸಂಸ್ಕೃತದ 'ದೇವ'ಕ್ಕೆ ದಾಯಾದಿ. ಮಗನಿಗೆ ಆ ಭಾಷೆಯಲ್ಲಿ 'ಸೂನುಸ್', ಬೆಂಕಿಗೆ 'ಉಗ್ನಿಸ್', ಹೊಗೆಗೆ 'ದೂಮಾಸ್'. ಸೂನು, ಅಗ್ನಿ, ಧೂಮಗಳನ್ನು ಬಲ್ಲ ಕನ್ನಡ ಓದುಗನಿಗೆ ನಿಘಂಟು ಬೇಕಾಗದು. ಈ ಕುಶಲಿಗಳಲ್ಲಿ ಹೆಸರಾದವನು ವಿಂಟ್ಸಾಸ್ ಸ್ವಿರ್‌ಸ್ಕಿಸ್ (1835–1916). ಊರೂರು ಸುತ್ತಿ, ರೈತರ ಮನೆಯಲ್ಲೇ ತಂಗಿ, ಇಡೀ ಓಕ್ ದಿಮ್ಮಿಯಲ್ಲಿ ಶಿಲುಬೆಯನ್ನೂ ಮೂರ್ತಿಗಳನ್ನೂ ಒಟ್ಟಿಗೆ ಕಡೆದವನು ಆತ. ಹಳ್ಳಿಯ ಮೂರ್ತಿಗಳಲ್ಲಿ ಅಂಗಪ್ರಮಾಣವನ್ನು ಹುಡುಕಬಾರದು. ತಲೆ ದೊಡ್ಡದು, ಕೈ ಒರಟು. ಉಳುಮೆ ಮುಗಿಸಿ ಬದುವಿನ ಮೇಲೆ ಕುಳಿತವನ ಕೈ ಅದು.

ಗಲ್ಲಕ್ಕೆ ಕೈಯಿಟ್ಟ ಭಂಗಿ ಭಾರತೀಯರಿಗೆ ಅಪರಿಚಿತವಲ್ಲ. ಕಾವ್ಯಗಳ ವಿರಹಿಣಿಯರು ಕುಳಿತುಕೊಳ್ಳುವುದೇ ಹಾಗೆ. ಕನ್ನಡದ ಮನೆಗಳಲ್ಲಿ ಮಕ್ಕಳು ಹಾಗೆ ಕುಳಿತರೆ ಹಿರಿಯರು ಅಪಶಕುನವೆಂದು ಗದರಿಸಿ ಕೈ ತೆಗೆಸುತ್ತಾರೆ. ಜಿನಬಿಂಬಕ್ಕಂತೂ ಆ ಭಂಗಿ ಸಲ್ಲದು. ಪರ್ಯಂಕದಲ್ಲಿ ಅಂಗೈಗಳು ಮಡಿಲಲ್ಲಿ ವಿರಮಿಸುತ್ತವೆ, ಕಾಯೋತ್ಸರ್ಗದಲ್ಲಿ ತೋಳುಗಳು ಇಳಿಬಿದ್ದಿರುತ್ತವೆ. ಎರಡರಲ್ಲಿಯೂ ತಲೆಗೆ ಆಸರೆ ಬೇಕಿಲ್ಲ. ತತ್ತ್ವಾರ್ಥಸೂತ್ರದ ಲೆಕ್ಕದಲ್ಲಿ ದುಃಖದಲ್ಲಿಯೇ ನೆಟ್ಟ ಮನಸ್ಸು ಆರ್ತಧ್ಯಾನ. ಇಷ್ಟವಿಯೋಗ, ಅನಿಷ್ಟಸಂಯೋಗ, ವೇದನೆ, ನಿದಾನ ಎಂಬ ಅದರ ನಾಲ್ಕು ಬಗೆಗಳೂ ಬಂಧಕ್ಕೆ ಕಾರಣ, ಆದ್ದರಿಂದ ತ್ಯಾಜ್ಯ. ಹಾಗಾದರೆ ಆರ್ತಧ್ಯಾನಕ್ಕೇ ಮೂರ್ತಿ ಮಾಡಿ ಕೈಮುಗಿದ ಈ ಜನರನ್ನು ಜೈನದೃಷ್ಟಿ ಹೇಗೆ ಕಾಣಬೇಕು?

ಉತ್ತರದ ಒಂದು ಎಳೆ ಮೂರ್ತಿಯ ಹೆಸರಿನಲ್ಲಿಯೇ ಇದೆ. 'ರೂಪಿಂತಿಸ್' ಎಂಬ ಕ್ರಿಯಾಪದಕ್ಕೆ ಚಿಂತಿಸುವುದು ಎಂದೂ ಅರ್ಥ, ಇನ್ನೊಬ್ಬರನ್ನು ನೋಡಿಕೊಳ್ಳುವುದು ಎಂದೂ ಅರ್ಥ. ಕನ್ನಡದ 'ಕಾಳಜಿ' ಸರಿಯಾಗಿ ಇಂಥದೇ ಪದ. ಉತ್ತರ ಕರ್ನಾಟಕದಲ್ಲಿ 'ಕಾಳಜಿ ಮಾಡಬ್ಯಾಡ್ರಿ' ಎಂದರೆ ಚಿಂತೆ ಬಿಡಿ ಎಂದು. ಮೈಸೂರಿನ ಕಡೆ 'ಕಾಳಜಿ ಮಾಡಿದರು' ಎಂದರೆ ಅಕ್ಕರೆಯಿಂದ ನೋಡಿಕೊಂಡರು ಎಂದು. ರೂಪಿಂತೊಯೇಲಿಸ್ ಎಂಬುದರ ಕೊನೆಯ ಪ್ರತ್ಯಯವಾದರೋ ಮುದ್ದಿನದು, ಪುಟ್ಟದೆಂದು ಸೂಚಿಸುವಂಥದು. ಕಾಳಜಿಯ ಪುಟ್ಟಸ್ವಾಮಿ ಎನ್ನಬಹುದೇನೋ. ತನ್ನ ನೋವಿಗಾಗಿ ಮರುಗಿದರೆ ಅದು ಆರ್ತ. ಪರರ ನೋವಿಗೆ ಮನ ಕಂಪಿಸಿದರೆ ಅದು ಅನುಕಂಪೆ, ಸಮ್ಯಕ್ತ್ವದ ಲಕ್ಷಣಗಳಲ್ಲಿ ಒಂದು. ಗೂಡಿನೊಳಗಿನ ಆ ಮುಖದಲ್ಲಿ ಇವೆರಡನ್ನು ಬೇರ್ಪಡಿಸುವ ಗೆರೆ ಕಾಣಿಸುವುದಿಲ್ಲ.

ಜಿನಸೇನಾಚಾರ್ಯರ ಆದಿಪುರಾಣದ ಬಾಹುಬಲಿಯಲ್ಲಿಯೂ ಇಂಥದೊಂದು ಎಳೆ ಉಳಿದಿತ್ತು. ವರ್ಷವಿಡೀ ಬಯಲಲ್ಲಿ ನಿಂತ ಆ ಯೋಗಿಯ ಮನದಲ್ಲಿ, ತನ್ನಿಂದ ಭರತನಿಗೆ ಕ್ಲೇಶವಾಯಿತಲ್ಲ ಎಂಬ ಸ್ನೇಹದ ನೋವು. ಭರತನೇ ಬಂದು ಪೂಜಿಸಿದ ಮೇಲೆ ಅದು ಕಳಚಿ ಕೇವಲಜ್ಞಾನವಾಯಿತು. ಬೆಳ್ಗೊಳದ ಗೊಮ್ಮಟನ ಮುಖದ ಮಂದಹಾಸದಲ್ಲಿ ಆ ಎಳೆಯ ಗುರುತೂ ಉಳಿದಿಲ್ಲ. ಲಿಥುವೇನಿಯಾದ ರೈತ ಕೆತ್ತಿದ್ದು ಆ ಎಳೆಯನ್ನೇ. ಅವನ ಆಯ್ಕೆ ಕಲ್ಲಲ್ಲ, ಮಳೆ ಹಿಮಗಳಿಗೆ ಸೀಳುವ ಮರ.

ಆ ನಾಡಿಗೆ ಇಂಥ ದೇವರು ಏಕೆ ಬೇಕಾಯಿತೆಂಬುದಕ್ಕೆ ಚರಿತ್ರೆ ಸಾಕ್ಷಿ. 1863ರ ದಂಗೆಯನ್ನು ಅಡಗಿಸಿದ ರಷ್ಯಾದ ಝಾರ್ ಆಡಳಿತ ದಾರಿಬದಿಯಲ್ಲಿ ಶಿಲುಬೆ ನೆಡುವುದನ್ನು ನಿಷೇಧಿಸಿತು. ಲ್ಯಾಟಿನ್ ಲಿಪಿಯಲ್ಲಿ ಲಿಥುವೇನಿಯನ್ ಪುಸ್ತಕ ಅಚ್ಚಾಗುವುದನ್ನೂ ತಡೆಯಿತು. ಆ ತಡೆ ತೆರವಾದದ್ದು 1904ರಲ್ಲಿ. ಅಷ್ಟು ವರ್ಷ ಜನ ಗಡಿಯಾಚೆ ಅಚ್ಚಾದ ಪುಸ್ತಕಗಳನ್ನು ಕದ್ದು ತಂದು ಓದಿದರು. ಸೋವಿಯತ್ ಕಾಲದಲ್ಲಿ, 1941ರ ಜೂನ್‌ನಿಂದ ಮೊದಲ್ಗೊಂಡು ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು, ಕೂಸುಗಳು ಮುದುಕರೆನ್ನದೆ, ಸೈಬೀರಿಯ ಮೊದಲಾದ ದೂರದೆಡೆಗಳಿಗೆ ಗಡೀಪಾರು ಮಾಡಲಾಯಿತು. ಹೋದವರಲ್ಲಿ ಅನೇಕರಿಗೆ ಹುಟ್ಟೂರಿನಲ್ಲಿ ಸಮಾಧಿಯೂ ಇಲ್ಲ. ಶೌಲೈ ಪಟ್ಟಣದಿಂದ ಸುಮಾರು 12 ಕಿಲೋಮೀಟರ್ ಉತ್ತರಕ್ಕಿರುವ ಶಿಲುಬೆಗಳ ದಿಬ್ಬದಲ್ಲಿ ಬಂಧುಗಳು ಅವರ ಹೆಸರಿನಲ್ಲಿ ಶಿಲುಬೆಗಳನ್ನು ನೆಟ್ಟರು.

1961ರ ಏಪ್ರಿಲ್‌ನಲ್ಲಿ ಅಧಿಕಾರಿಗಳು ದಿಬ್ಬವನ್ನು ನೆಲಸಮ ಮಾಡಿಸಿದರು. ಲೋಹದವು ಗುಜರಿಗೆ ಹೋದವು, ಕಲ್ಲಿನವನ್ನು ಹೂಳಲಾಯಿತು, ಮರದವನ್ನು ಅಲ್ಲಿಯೇ ಸುಟ್ಟರು. ಜನ ರಾತ್ರಿಯ ಹೊತ್ತು ಗುಟ್ಟಾಗಿ ಹೊಸ ಶಿಲುಬೆಗಳನ್ನು ಹೊತ್ತು ತಂದರು. ಎಪ್ಪತ್ತರ ದಶಕದಲ್ಲಿ ಮತ್ತೆ ಕೆಡವಿದರು. ಮತ್ತೆ ತಂದು ನೆಟ್ಟರು.