ಮುಷ್ಟಿಯುದ್ಧದ ಮೊದಲ ಪಾಠಗಳು

ನನ್ನ ಮಗಳು ಮುಷ್ಟಿಯುದ್ಧವನ್ನು ಕಲಿಯಬೇಕೆಂದು ಹಟ ಹಿಡಿದಾಗ, "ಹೆಣ್ಣುಮಗುವಿಗೆ ಇದೇತಕ್ಕೆ?" ಎಂದು ಮನೆಯ ಹಿರಿಯರು ಕೇಳಿದರು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ತ್ರೀಯರಿಗೂ ಈ ಸ್ಪರ್ಧೆ ಏರ್ಪಟ್ಟು, ಮಣಿಪುರದ ಮೇರಿ ಕೋಮ್ ಕಂಚಿನ ಪದಕವನ್ನು ಗಳಿಸಿದರೆಂದು ಅವಳು ಉತ್ತರವಿತ್ತಳು. ನನ್ನ ಭಯವಾದರೋ ಅವಳ ತಲೆಗೆ ಬೀಳಬಹುದಾದ ಪೆಟ್ಟಿನದು. ಆದುದರಿಂದ ಒಂದು ತಿಂಗಳು ಅವಳೊಡನೆ ಹೋಗಿ ಶಿಕ್ಷಣಕ್ರಮವನ್ನು ನೋಡಿದೆನು.

ಮೊದಲ ವಾರ ಯಾರೂ ಯಾರನ್ನೂ ಹೊಡೆಯಲಿಲ್ಲ. ಮಣಿಕಟ್ಟು, ಬೆರಳ ಗೆಣ್ಣುಗಳು ನೋಯದಂತೆ ಬಟ್ಟೆಯ ಪಟ್ಟಿಯನ್ನು ಸುತ್ತಿಕೊಳ್ಳುವುದು, ಹಗ್ಗ ಹಾರುವುದು, ಸರಿಯಾಗಿ ನಿಲ್ಲುವುದು, ಇಷ್ಟೇ. ಬಲಗೈಯವರು ಎಡಗಾಲನ್ನು ಮುಂದಿಟ್ಟು, ಮೊಣಕಾಲುಗಳನ್ನು ತುಸು ಸಡಿಲಿಸಿ, ಗದ್ದವನ್ನು ತಗ್ಗಿಸಿ, ಎರಡು ಮುಷ್ಟಿಗಳಿಂದಲೂ ಮುಖವನ್ನು ಕಾಯತಕ್ಕದ್ದು. ಅನಂತರ ಎಡಗೈಯ ನೇರವಾದ ಹೊಡೆತ, ಅದರ ಹಿಂದೆಯೇ ಬಲಗೈಯದು. ಇದರ ಬಲವು ತೋಳೊಂದರದಲ್ಲ. ಹಿಂಗಾಲು ನೆಲವನ್ನೊತ್ತಿ, ಸೊಂಟ ತಿರುಗಿ, ಹೆಗಲಿನ ಮೂಲಕ ಮುಷ್ಟಿಗೆ ಬರುವುದು. ಹೊಡೆಯುವಾಗ ಉಸಿರನ್ನು ಬಿಡಬೇಕು. ಹೊಡೆದ ಕೈ ಹೋದ ದಾರಿಯಲ್ಲಿಯೇ ಗದ್ದದ ಬಳಿಗೆ ಮರಳಬೇಕು. ಮಗಳಿಗೆ ಕಠಿನವಾದುದು ಈ ಮರಳುವಿಕೆಯೇ.

ತಲೆಗವಸು ಚರ್ಮದ ಗಾಯವನ್ನು ತಪ್ಪಿಸಬಹುದಾದರೂ ಮಿದುಳಿನ ಅಲುಗಾಟವನ್ನು ತಡೆಯಲಾರದು. ಆದಕಾರಣ ಕೈ ತಾನಾಗಿ ಮರಳುವ ತನಕ ಎದುರಾಳಿಯೊಡನೆ ಅಭ್ಯಾಸ ಕೂಡದು. ಪೆಟ್ಟು ಬಿದ್ದು ತಲೆಸುತ್ತು, ಮಂಕು, ವಾಂತಿ ಕಂಡರೆ ಆಟವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು ಎಂದು ಗುರುಗಳ ಮುಂದೆ ನಾವಿಬ್ಬರೂ ಗೊತ್ತುಮಾಡಿದೆವು. ಈ ಒಪ್ಪಂದದ ಮೇಲೆ ಅನುಮತಿಯ ಕಾಗದಕ್ಕೆ ರುಜು ಹಾಕಿದೆನು. ಅವಳಿನ್ನೂ ತೂಗುಹಾಕಿದ ಚೀಲಕ್ಕೇ ಹೊಡೆಯುತ್ತಿರುವಳು. ಎದುರಾಳಿಯ ಸರದಿ ಬಂದಿಲ್ಲ, ಅವಳಿಗೂ ಅವಸರವಿಲ್ಲ.