ಬಡಿಯದೆ ನುಡಿದ ತಂತಿ

ಪಿಯಾನೋ ನುಡಿಸಲು ನನಗೆ ಬಾರದು. ಆದರೂ ಆ ವಾದ್ಯಕ್ಕಾಗಿ ರಚಿತವಾದ ಒಂದು ಪುಟ್ಟ ಕೃತಿಯನ್ನು ಎಷ್ಟು ಸಲ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಅದರ ಅವಧಿ ಎರಡು ನಿಮಿಷವೂ ಇಲ್ಲ. ಹೆಸರು ‘ಪಗನೀನಿ’, ರಚಿಸಿದವನು ಜರ್ಮನಿಯ ರಾಬರ್ಟ್ ಶೂಮನ್.

ಪಗನೀನಿ ಇಟಲಿಯ ಪಿಟೀಲು ವಿದ್ವಾಂಸ. ಅವನ ಕೈಚಳಕವನ್ನು ಕಂಡ ಜನರು, ಈತ ಸೈತಾನನಿಗೆ ತನ್ನನ್ನು ಮಾರಿಕೊಂಡಿರಬೇಕೆಂದು ಪಿಸುಗುಟ್ಟುತ್ತಿದ್ದರಂತೆ. ತಮಗೆ ಎಟುಕದ್ದನ್ನು ದೆವ್ವದ ತಲೆಗೆ ಕಟ್ಟುವುದು ಎಲ್ಲ ದೇಶಗಳಲ್ಲಿಯೂ ಇದ್ದದ್ದೇ! 1830ರ ಈಸ್ಟರ್ ಹಬ್ಬದ ಸಮಯದಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಅವನ ಕಚೇರಿಯನ್ನು ಕೇಳಿದವರಲ್ಲಿ 19 ವರ್ಷದ ಶೂಮನ್ನನೂ ಒಬ್ಬ. ಆಗ ಅವನು ಹೈಡೆಲ್‌ಬರ್ಗಿನಲ್ಲಿ ನ್ಯಾಯಶಾಸ್ತ್ರದ ವಿದ್ಯಾರ್ಥಿ. ಮಗನು ವಕೀಲನಾಗಲೆಂಬುದು ವಿಧವೆ ತಾಯಿಯ ಹಂಬಲ. ಆದರೆ ಆ ವರ್ಷದ ಜುಲೈ ತಿಂಗಳಿನಲ್ಲಿ ಅವನು ತಾಯಿಗೆ ಕಾಗದ ಬರೆದು, ತನ್ನ ದಾರಿ ಸಂಗೀತವೇ ಎಂದು ತಿಳಿಸಿದನು. ಗುರು ಫ್ರೀಡ್ರಿಶ್ ವೀಕರ ಅಭಿಪ್ರಾಯವನ್ನು ಕೇಳಿ ನೋಡೆಂದು ಬೇಡಿದನು. ಮೂರು ವರ್ಷಗಳಲ್ಲಿ ಇವನನ್ನು ಶ್ರೇಷ್ಠ ಪಿಯಾನೋವಾದಕನನ್ನಾಗಿ ಮಾಡಬಲ್ಲೆನೆಂದು ವೀಕರು ಉತ್ತರಿಸಿದರು. ಆ ಒಂದು ಕಚೇರಿಯೇ ಇದಕ್ಕೆಲ್ಲ ಕಾರಣವೆಂದು ನಾನು ಹೇಳಲಾರೆ. ಒಳಗೆ ಮೊದಲೇ ಇದ್ದ ಕೆಂಡದ ಮೇಲಣ ಬೂದಿಯನ್ನು ಅದು ಹಾರಿಸಿರಬಹುದು.

ಮೂರು ವರ್ಷ ತುಂಬುವ ಮೊದಲೇ ಅವನ ಬಲಗೈಯ ಬೆರಳು ಸ್ವಾಧೀನ ತಪ್ಪಿತು. ವಾದಕನಾಗುವ ಕನಸು ಅಲ್ಲಿಗೆ ಮುಗಿಯಿತು.

ಇಷ್ಟಾದ ಮೇಲೆ, 1834-35ರಲ್ಲಿ, ಅವನು ‘ಕಾರ್ನವಾಲ್’ ಎಂಬ ಕೃತಿಮಾಲೆಯನ್ನು ರಚಿಸಿದನು. ಅದೊಂದು ವೇಷಧಾರಿಗಳ ಉತ್ಸವ. ವಿದೂಷಕರು ಬರುತ್ತಾರೆ, ಶೋಪಾನ್ ಬರುತ್ತಾನೆ, ವೀಕರ ಮಗಳು ಕ್ಲಾರಾ ಬರುತ್ತಾಳೆ. ವಾಲ್ಟ್ಸ್ ನರ್ತನವೊಂದು ನಡೆಯುತ್ತಿರುವಾಗ ಅದರ ನಡುವೆ ಪಗನೀನಿ ಬಿರುಗಾಳಿಯಂತೆ ನುಗ್ಗುತ್ತಾನೆ. ಪಿಟೀಲಿನ ಕಮಾನು ತಂತಿಯಿಂದ ತಂತಿಗೆ ಜಿಗಿಯುವಂತೆ ವಾದಕನ ಎರಡು ಕೈಗಳೂ, ಒಂದರ ಬೆನ್ನಿಗೆ ಇನ್ನೊಂದು, ದೂರದ ಕೀಲಿಗಳಿಗೆ ಹಾರಬೇಕು. ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ. ಬರೆದವನಿಗೆ ಇದನ್ನು ಸಭೆಯಲ್ಲಿ ನುಡಿಸಿ ತೋರಿಸುವ ಭಾಗ್ಯವಿರಲಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಈ ಜಿಗಿತವಲ್ಲ, ಅದರ ಕೊನೆ. ಗುಡುಗಿನಂತಹ ಸ್ವರಮೇಳಗಳನ್ನು ಬಾರಿಸಿದ ವಾದಕನು, ಪೆಡಲನ್ನು ಕಾಲಿನಿಂದ ಅದುಮಿಕೊಂಡೇ, ಬೇರೆ ಕೆಲವು ಕೀಲಿಗಳನ್ನು ಸದ್ದಾಗದಂತೆ ಮೆಲ್ಲನೆ ಒತ್ತಿ ಹಿಡಿಯುತ್ತಾನೆ. ಬಳಿಕ ಪೆಡಲಿನಿಂದ ಕಾಲು ತೆಗೆಯುತ್ತಾನೆ. ಮೊರೆತವೆಲ್ಲ ಒಮ್ಮೆಗೇ ಅಡಗುತ್ತದೆ. ಒತ್ತಿ ಹಿಡಿದ ಕೀಲಿಗಳ ತಂತಿಗಳು ಮಾತ್ರ, ಯಾವ ಸುತ್ತಿಗೆಯೂ ಬಡಿಯದೆ, ನೆರೆಯ ತಂತಿಗಳಿಂದ ಪಡೆದ ಕಂಪನದಿಂದಲೇ ಮಿಡಿಯುತ್ತಿರುತ್ತವೆ. ಸಿತಾರಿನಲ್ಲಿ ಮೀಟದ ಕೆಳತಂತಿಗಳೂ ನುಡಿಯುವುದನ್ನು ಕೇಳಿದವರಿಗೆ ಇದು ಹೊಸದಲ್ಲ. ಜಿಗಿತದಲ್ಲಿರುವವನು ಪಗನೀನಿ, ಈ ಮೆಲುದನಿಯಲ್ಲಿರುವವನು ಶೂಮನ್ ಎಂದು ನನಗೆ ತೋರುತ್ತದೆ.

ಮೊದಲ ಸಲ ಕೇಳಿದಾಗ ಈ ಜಾಗದಲ್ಲಿ, ಸಂಗೀತ ಮುಗಿಯಿತೆಂದು ತಿಳಿದು ನಾನು ಎದ್ದುಬಿಟ್ಟಿದ್ದೆ. ಗೆಳೆಯನು ಮಾತಾಡದೆ ಕೈಹಿಡಿದು ಕೂರಿಸಿದನು. ಕಿವಿಗೊಟ್ಟೆ. ಏನೋ ಇನ್ನೂ ನುಡಿಯುತ್ತಿತ್ತು. ಅಷ್ಟರಲ್ಲಿ ವಾಲ್ಟ್ಸ್ ಮತ್ತೆ ಆರಂಭವಾಯಿತು.