ಒಬ್ಬರಿಗೆ ಸಿಕ್ಕ ಗಾಳಿ ಎಲ್ಲರದ್ದೂ

ರಾಮದೇವರ ಬೆಟ್ಟದ ಬಂಡೆಗಳು ಕಾದಿವೆ. ಬಿಸಿಗಾಳಿಯಲ್ಲಿ ಒಂಟಿ ರಣಹದ್ದೊಂದು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರ್ತಿದೆ. ನೋಡ್ತಾ ಪ್ಯಾರಾಗ್ಲೈಡಿಂಗ್ ನೆನಪಾಯ್ತು.

ಹಿಮಾಚಲದ ಬೀರ್-ಬಿಲ್ಲಿಂಗ್‌ನಂಥ ಕಡೆ ತಂಡವಾಗಿ ದೂರ ಹಾರೋರು ಸಾಲಾಗಿ ಹೋಗಲ್ಲ, ಅಕ್ಕಪಕ್ಕ ಹರಡಿಕೊಳ್ತಾರೆ. ಮೇಲೇಳೋ ಗಾಳಿ ಕಣ್ಣಿಗೆ ಕಾಣಲ್ಲವಲ್ಲ! ಯಾರ ಗ್ಲೈಡರ್ ಮೇಲೆದ್ದಿತೋ ಅಲ್ಲಿಗೆ ಉಳಿದವರೂ ಬಂದು, ಒಂದೇ ದಿಕ್ಕಿಗೆ ಸುತ್ತಿ, ಎತ್ತರ ಗಳಿಸಿ ಮುಂದೆ ಹೊರಡ್ತಾರೆ.

ರಣಹದ್ದುಗಳ ಕ್ರಮವೂ ಇದೇ. ಆಹಾರಕ್ಕೂ ಅಷ್ಟೇ: ಒಂದು ಕೆಳಗಿಳಿದರೆ ದೂರದಲ್ಲಿರೋದು ಅದನ್ನ ನೋಡಿ ಬರುತ್ತೆ. ಗುಂಪು ತೆಳುವಾದಷ್ಟೂ ಹುಡುಕಾಟ ಕಷ್ಟ. ದನಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ, ಸತ್ತ ದನಗಳನ್ನ ತಿಂದ ಇವನ್ನ ದೇಶದ ಉದ್ದಗಲಕ್ಕೂ ಕೊಂದಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದಕ್ಕೆ ನಿಷೇಧ ಬಂತು, 2012ರಲ್ಲಿ ಈ ಬೆಟ್ಟ ರಣಹದ್ದು ಧಾಮವಾಯ್ತು. ಆದರೂ ಇಲ್ಲಿ ಉಳಿದಿರೋದು ಬೆರಳೆಣಿಕೆಯಷ್ಟು. ಇಲ್ಲಿನ ಉದ್ದಕೊಕ್ಕಿನ ರಣಹದ್ದು ವರ್ಷಕ್ಕೆ ಇಡೋದು ಒಂದೇ ಮೊಟ್ಟೆ.

ಗೂಡು ಕಾದರಷ್ಟೇ ಸಾಲದು, ಗುಂಪೂ ಬೆಳೀಬೇಕು. ಅದಕ್ಕೆ ವಿಷವಿಲ್ಲದ ಆಹಾರ ಈ ಬೆಟ್ಟದಾಚೆಯ ಊರುಗಳಲ್ಲೂ ಸಿಗಬೇಕು.

ಮಾಗಡಿ, ಕನಕಪುರ, ಚನ್ನಪಟ್ಟಣದ ಗೆಳೆಯರೇ, ನಿಮ್ಮ ಮನೆ ಹಿರಿಯರು ಎಷ್ಟು ರಣಹದ್ದು ಒಟ್ಟಿಗೆ ಸುತ್ತೋದನ್ನ ನೋಡಿದ್ರು? ಕೇಳಿ ಇಲ್ಲಿ ಬರೀರಿ.